ಮೇಕೆ ತಿಂದ ಪುಟಗಳು

ಆಫೀಸಿನಲ್ಲಿ ಆಕೆಗೆ ಕತ್ತರಿ ಮೇಡಂ ಎಂದೇ ಹೆಸರು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬದೊಳಗೆ ಬಳಸುವ ಬಗೆ ಹೇಳುವ ಇಂಗ್ಲಿಷ್ ಪುಸ್ತಿಕೆಯೊಂದು ಬರುತ್ತದಲ್ಲ, ನಾವು ಯಾರೂ ಓದದೆ ಎಸೆಯುತ್ತೇವಲ್ಲ, ಅದನ್ನು ತಿದ್ದುವುದು ಆಕೆಯ ಕೆಲಸ. ಎಂಜಿನಿಯರು ‘ರಿಪೀಟ್ ಅಗೇನ್’ ಎಂದು ಬರೆದು ತಂದರೆ ‘ಅಗೇನ್’ ಅಲ್ಲೇ ಢಮಾರ್. ‘ಡಿಸ್ಕಸ್ ಅಬೌಟ್’ ಎಂದರೆ ‘ಅಬೌಟ್’ ಸ್ವಾಹಾ. “ಓದೋರಿಗೆ ಬೇಡದ್ದು ಕಾಗದದ ಮೇಲೆ ಇರಬಾರದು ಕಣ್ರೀ” ಎಂದು ಎಂಥ ದೊಡ್ಡವರಿಗೂ ಮುಲಾಜಿಲ್ಲದೆ ಹೇಳುವಳು.

ಇಂಥವಳಿಗೆ ಸಿಕ್ಕ ಗಂಡನೋ, ಮಾತಿನ ಮಲ್ಲ. ಅವನದು ಕನ್ನಡಕದ ಅಂಗಡಿ. ಫ್ರೇಮಿನ ತಿರುಪು ಬಿಗಿಮಾಡಿಸಲು ಬಂದವರು ಕೂಡ ಅವನ ಕತೆ ಮುಗಿಯುವ ತನಕ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಮನೆಗೆ ಬಂದರೂ ಅದೇ ಪುರಾಣ. ಆಕೆ ತಟ್ಟೆ ಒರೆಸುತ್ತಾ, “ರೀ, ವಿಷಯಕ್ಕೆ ಬನ್ನಿ” ಎಂದರೆ, “ಬರ್ತಾ ಇದೀನಿ ತಾಳೇ, ದಾರೀಲಿದೀನಿ” ಎನ್ನುವನು.

ಎಡವಟ್ಟಾದದ್ದು ಮಗಳ ಅತ್ತೆ ಮಾವ ಊಟಕ್ಕೆ ಬಂದ ದಿನ. ಬೀಗರಿಗೆ ಕನ್ನಡ ಬಾರದು, ಇವರಿಗೆ ಬೀಗರ ಭಾಷೆ ಬಾರದು. ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ಗಂಡ ಹುರುಪಿನಿಂದ ಹಳೆಯ ಕತೆಯೊಂದನ್ನು ತೆಗೆದ. ಮದುವೆಯಾದ ಹೊಸತು, ಕೊನೆಯ ಬಸ್ಸು ತಪ್ಪಿ, ಯಾರದೋ ಗೂಡ್ಸ್ ಟೆಂಪೋದಲ್ಲಿ ಮನೆ ಸೇರಿದ ಕತೆ.

“ವೀ ಬೋತ್ ಟೂ ಪೀಪಲ್ ರಿಟರ್ನ್ಡ್ ಬ್ಯಾಕ್...”

“ಬೋತ್ ಅಂದ್ಮೇಲೆ ಟೂ ಯಾಕೆ? ರಿಟರ್ನ್ಡ್ ಅಂದ್ಮೇಲೆ ಬ್ಯಾಕ್ ಯಾಕೆ?” ಎಂದಳು ಈಕೆ.

“ಡ್ರೈವರ್ ವಾಸ್ ಹ್ಯಾವಿಂಗ್ ಒನ್ ಗೋಟ್...”

“ಹ್ಯಾಡ್.”

ಗಂಡನ ಕೈ ಗಾಳಿಯಲ್ಲೇ ನಿಂತಿತು. ಒಂದು ಸಲ ಹೆಂಡತಿಯ ಮುಖ ನೋಡಿದ. “ನಥಿಂಗ್. ವೀ ಕೇಮ್ ಹೋಮ್” ಎಂದು ನೀರು ಕುಡಿದ.

ಅಂದಿನಿಂದ ಅವನ ಮಾತು ಅವಳ ಪುಸ್ತಿಕೆಯಂತೆಯೇ ಆಯಿತು. “ಅಂಗಡೀಲಿ ಏನಾಯ್ತು ರೀ?” “ವ್ಯಾಪಾರ.” “ಯಾರು ಬಂದಿದ್ರು?” “ಗಿರಾಕಿ.” ಮೊದಮೊದಲು ಆಕೆಗೆ ಹಾಯೆನಿಸಿತು, ಸುಳ್ಳೇಕೆ? ಆಮೇಲಾಮೇಲೆ ಮನೆ ಬಿಕೋ ಎನ್ನತೊಡಗಿತು. ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಕುಕ್ಕಿದಳು. ಏನಾಯ್ತೆಂದು ಕೇಳಲೂ ಇಲ್ಲ, ಪುಣ್ಯಾತ್ಮ. ತಾನೇ ಅವನ ಬಾಯಿಗೆ ಬೀಗ ಹಾಕಿದ್ದು ಅವಳಿಗೆ ಗೊತ್ತಿತ್ತು. ತೆಗೆಯುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಬೀಗರು ಮತ್ತೆ ಬಂದರು. ಚಹಾದ ಕಪ್ಪು ಕೆಳಗಿಡುತ್ತಲೇ ಬೀಗಿತ್ತಿ, ಅವತ್ತಿನ ಆ ಮೇಕೆ ಏನಾಯಿತು ಎಂದು ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. ಗಂಡ, “ನಥಿಂಗ್” ಎಂದು ಬಿಸ್ಕತ್ತಿನ ತಟ್ಟೆ ಅವರತ್ತ ಸರಿಸಿದ.

ಈಕೆಗೆ ತಡೆಯಲಾಗಲಿಲ್ಲ. ತಾನೇ ಹೇಳಿದಳು. ಬಸ್ಸು ತಪ್ಪಿತು, ಗಾಡಿ ಸಿಕ್ಕಿತು, ಮನೆ ಸೇರಿದೆವು. ಒಂದು ತಪ್ಪಿಲ್ಲ, ಒಂದು ಪದ ಹೆಚ್ಚಿಲ್ಲ. ಬೀಗರು, “ವೆರಿ ಗುಡ್” ಎಂದು ಸಪ್ಪಗೆ ತಲೆಯಾಡಿಸಿದರು. ಬೀಗಿತ್ತಿ ಗಡಿಯಾರ ನೋಡಿದರು. ತನ್ನ ಮಾತು ತನಗೇ ಮಿಕ್ಸಿಯ ಪುಸ್ತಿಕೆಯಂತೆ ಕೇಳಿಸಿ ಆಕೆಗೆ ಅಳುವೇ ಬಂದಂತಾಯಿತು.

“ಅಯ್ಯೋ, ಮೇಕೇನೇ ಬಿಟ್ಬಿಟ್ಯಲ್ಲೇ!” ಗಂಡ ಕುರ್ಚಿ ಬಿಟ್ಟು ಎದ್ದೇ ಬಿಟ್ಟ.

“ನೀವೇ ಹೇಳಿ ಮತ್ತೆ. ನನಗೆ ಬರಲ್ಲ” ಎಂದಳು. ಅಷ್ಟು ಹೇಳುವಾಗ ಅವಳ ದನಿ ನಡುಗಿತು. ಗಂಡ ಅದನ್ನು ಕೇಳಿಸಿಕೊಂಡ.

ಆಮೇಲೆ ಶುರುವಾಯಿತು ನೋಡಿ. ಡ್ರೈವರಿನ ಗೊರಕೆಯಂಥ ನಗು, ಗುಂಡಿಬಿದ್ದ ರಸ್ತೆ, ಕತ್ತಲಲ್ಲಿ ಹೆಂಡತಿಯ ಕೈಚೀಲಕ್ಕೆ ಬಾಯಿಹಾಕಿದ ಮೇಕೆ. ಚೀಲದಲ್ಲಿದ್ದದ್ದು ಹೊಸ ನೌಕರಿಯಲ್ಲಿ ಆಕೆ ಬರೆದ ಮೊತ್ತಮೊದಲ ಪುಸ್ತಿಕೆ! “ಮೈ ವೈಫ್ ಈಸ್ ಕ್ರೈಯಿಂಗ್, ಗೋಟ್ ಈಸ್ ಈಟಿಂಗ್!” ಮರುದಿನ ಉಳಿದದ್ದನ್ನೇ ಹೆದರುತ್ತಾ ಕೊಟ್ಟರೆ ಮ್ಯಾನೇಜರು, ಇಷ್ಟು ಚೊಕ್ಕವಾಗಿ ಯಾರೂ ಬರೆದಿಲ್ಲ ಎಂದು ಬೆನ್ನು ತಟ್ಟಿದರಂತೆ. ಬೀಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗರಿಗೆ ಚಹಾ ನೆತ್ತಿಗೇರಿತು.

“ಸೋ, ಫಸ್ಟ್ ಎಡಿಟರ್ ಈಸ್ ಗೋಟ್. ಟೂ ಪೇಜಸ್ ಇಟ್ ವಾಸ್ ಈಟಿಂಗ್...” ಎಂದವನು ಅಭ್ಯಾಸಬಲದಿಂದ ಗಕ್ಕನೆ ನಿಂತು ಹೆಂಡತಿಯತ್ತ ತಿರುಗಿದ.

ಅವಳು ಕಣ್ಣೊರೆಸಿಕೊಳ್ಳುತ್ತಾ ಮುಂದಕ್ಕೆ ಬಾಗಿದಳು.

“ಎರಡಲ್ಲ ರೀ, ಮೂರು ಪುಟ! ಮೇಲಿಂದ ಚೀಲದ ಹಿಡಿಕೇನೂ ತಿಂತಲ್ಲ, ಅದನ್ನೂ ಹೇಳಿ.”