ಮೊದಲ ಕೂಗಿಗೆ ಓ ಅನಬಾರದು

ಸಾಂಗ್ಲಿವಾಡ್ಯಾಗ ದಾದಾಸಾಬನಂಥ ಮಾತುಗಾರ ಇನ್ನೊಬ್ಬ ಇರಲಿಲ್ಲ. ಈಗ ಹೇಳಿದ್ರ ಯಾರೂ ನಂಬೂದಿಲ್ಲ ಬಿಡ್ರಿ. ಕುಪವಾಡ ಎಂಐಡಿಸಿ ಕಾರಖಾನಿ ವಸಾಹತಿನೊಳಗ ಕಬ್ಬಿಣ ಎರಕ ಹೊಯ್ಯೂ ಒಂದು ಫೌಂಡ್ರ್ಯಾಗ ಕೆಲಸ. ರಜಾ ಸಿಕ್ಕಿತಂದ್ರ ಗಾಳ ಹಿಡಕೊಂಡು ತಮ್ಮನ ಜೋಡಿ ಕೃಷ್ಣಾ ಹೊಳಿ ದಂಡಿಗೆ ಹಾಜರ. ತಮ್ಮ ಜ್ಯೋತೆಪ್ಪ ಅವನಿಗಿಂತ ನಾಕು ಮಾತು ಹೆಚ್ಚಿಗೇ ಆಡಾಂವ. ಇವರಿಬ್ಬರ ಹರಟಿ ಕೇಳಿ ಮೀನಕ್ಕೂ ತಲಿಚಿಟ್ಟ ಹಿಡೀತೈತಿ ಅಂತ ಮಂದಿ ನಗತಿದ್ದರು.

ಅವರವ್ವ ರಾಯವ್ವ ರಾಯಬಾಗ ಕಡಿಂದ ಕೂಲಿಗೆ ಬಂದಾಕಿ. ಹುಡುಗರು ಓಣ್ಯಾಗ ಮರಾಠಿ ಆಡಿ ಬೆಳದರು, ಅದಕ್ಕೇ ಜ್ಯೋತೆಪ್ಪ ಅಣ್ಣನ್ನ ದಾದಾ ಅಂತಿದ್ದ. ಮನಿ ಒಳಗ ಮಾತ್ರ ರಾಯವ್ವಂದು ಅಪ್ಪಟ ಕನ್ನಡ, ತವರಮನಿ ಕಟ್ಟಳಿ. ಅದರಾಗ ಒಂದು ಹೊಳೀದು.

"ನೀರಿನ ದಂಡ್ಯಾಗ ಯಾರರೆ ಕರದ್ರ ಮೊದಲ ಕೂಗಿಗೆ ಓ ಅನಬ್ಯಾಡ್ರಪಾ. ಮನಶ್ಯಾ ಆದ್ರ ಮತ್ತೊಮ್ಮೆ ಕರೀತಾನ, ಮೂರನೇ ಸಲಾನೂ ಕರೀತಾನ. ಹೊಳಿ ಒಮ್ಮೆ ಅಷ್ಟೇ ಕರೀತೈತಿ. ಓ ಅಂದಾಂವನ್ನ ಒಯ್ದುಬಿಡತೈತಿ."

ಹುಡುಗರು ತೊದಲು ಮಾತು ಕಲಿಯೂಮುಂದ ಈ ಮಾತನ್ನೂ ಕಲತಿದ್ದರು. ತಪ್ಪೇನೈತಿ ಅದರಾಗ? ನಮ್ಮ ಮನಿಯೊಳಗೂ ಹೇಳ್ತಾರ.

ಕೆಲವು ವರ್ಷದ ಹಿಂದ, ಜೋರು ಮಳಿಗಾಲ. ಅಣ್ಣ-ತಮ್ಮ ಇಬ್ಬರೂ ಗಾಳ ಹಾಕಾಕ ಹೋಗಿದ್ದರು. ಜ್ಯೋತೆಪ್ಪ ತಿರುವಿನ ಆಚಿ ಕಡೆ ಹೋಗಿ ಕುಂತಿದ್ದ. ಧೋ ಅಂತ ಸುರಿಯೂ ಮಳ್ಯಾಗ "ದಾದಾ!" ಅಂತ ಒಂದು ಕೂಗು ಬಂತು. ದಾದಾಸಾಬ ತಟ್ಟನ ಎದ್ದು ನಿಂತ. ನಾಲಿಗಿ ತುದಿಗೆ ಬಂದಿದ್ದ ಓ ಅನ್ನೂದನ್ನ ನುಂಗಿದ. ಎರಡನೇ ಕೂಗಿಗೆ ಕಾದ. ಬರಲಿಲ್ಲ. ಜೀವ ತಡೀಲಾರದ ಕಡೀಕ ಓಡಿ ಹೋಗಿ ನೋಡ್ತಾನ, ದಂಡಿ ಕುಸದಿತ್ತು, ತಮ್ಮ ಇರಲಿಲ್ಲ. ಮರುದಿವಸ ಕೆಳಗ ಅಂಕಲಿ ಸೇತುವಿ ಹತ್ತಿರ ಹೆಣ ಸಿಕ್ಕಿತು.

ಪಾಪ, ಅಂವ ಏನೂ ಮುಚ್ಚಿಡಲಿಲ್ಲ. ಇಡೀ ಓಣಿ ಮುಂದ "ಕರದಿದ್ದು ಕೇಳಿತ್ತರಿ, ನಾ ಓ ಅನಲಿಲ್ಲರಿ" ಅಂತ ಎದಿ ಎದಿ ಬಡಕೊಂಡ. ಆಗ ರಾಯವ್ವ ಹೆಣದ ತಲಿ ತೊಡಿ ಮ್ಯಾಲಿಂದ ಇಳಿಸಿ, ಹಿರೀಮಗನ ರಟ್ಟಿ ಹಿಡಿದಳು.

"ಎಷ್ಟು ಸಲ ಕರೀತು?"

"ಒಮ್ಮೆ."

"ಹಂಗಾರ ಅದು ಹೊಳಿ. ನನ್ನ ಜ್ಯೋತ್ಯಾ ಅಷ್ಟೊತ್ತಿಗೇ ಹೋಗಿಬಿಟ್ಟಿದ್ದ. ನೀ ಓ ಅಂದಿದ್ರ ನಾ ಇಬ್ಬರನ್ನೂ ಕಳಕೋತಿದ್ದೆ."

ಆ ಒಂದು ಮಾತಿನ ಮ್ಯಾಲೇ ತಾಯಿ-ಮಗ ಉಂಡರು, ಮಲಗಿದರು, ಬದುಕಿದರು. ಅದೊಂದು ಸುಳ್ಳಾತಂದ್ರ ಇಬ್ಬರಿಗೂ ನಿಲ್ಲಾಕ ನೆಲ ಇರಲಿಲ್ಲ.

ಮಾತುಗಾರ ದಾದಾಸಾಬ ಮಾತು ಬಿಟ್ಟ, ಹೊಳಿ ಬಿಟ್ಟ. ಕೆಲಸಕ್ಕ ಹೋಗೂಮುಂದ ಹೊಳಿ ಸೇತುವಿ ದಾಟಬೇಕಲ್ಲ, ಆಗ ಮಾರಿ ತಿರುವಿ ಕುಂದರತಿದ್ದ. ಫೌಂಡ್ರಿ ತಗಡಿನ ಚಾವಣಿ ಮ್ಯಾಲ ಮಳಿ ಬಿದ್ರ ಸಾಕು, ಕೈಯಾನ ಕೆಲಸ ಬಿಟ್ಟು ಕಿವಿಗೊಟ್ಟು ನಿಂತುಬಿಡತಿದ್ದ. ಯಾರರೆ ಕರದ್ರ ಮೂರು ಸಲ ಕರದ ಮ್ಯಾಲೇ ತಿರುಗಾಂವ. ಜೋಡಿ ಕೆಲಸದಾವರು "ಏ, ದಾದಾಸಾಬ ಅಂದ್ರ ಸರಕಾರಿ ಆಫೀಸು, ಮೂರು ಸಲ ಹೋಗಬೇಕು" ಅಂತ ಚಾಷ್ಟಿ ಮಾಡ್ತಿದ್ದರು. ಅವರಿಗೇನು ಗೊತ್ತು, ನಿದ್ದ್ಯಾಗೂ ಅಂವ ಎರಡನೇ ಕೂಗಿಗೆ ಕಾಯತಾನಂತ.

ಹೋದ ಮಳಿಗಾಲದಾಗ ಫೌಂಡ್ರಿ ಸೂಪರ್‌ವೈಜರನ ಮನಿಗೆ ಪುಣೆದಿಂದ ಒಬ್ಬ ಪಾವಣ್ಯಾ ಬಂದ. ಅಭಿಜಿತ ಅಂತ ಹೆಸರು. ಕಾಡು, ಹೊಳಿ, ಮೀನ ಹಿಡಿಯೂದು, ಇದನ್ನೆಲ್ಲಾ ಪೇಪರಿನಾಗ ಬರಿಯಾಂವ. "ನಾಳೆ ರಜಾ ತಗೋ, ಇವರಿಗೆ ಹೊಳಿ ತೋರ್ಸು" ಅಂದ ಸೂಪರ್‌ವೈಜರ. ಇಲ್ಲ ಅನ್ನೂ ಧೈರ್ಯ ದಾದಾಸಾಬಗ ಎಲ್ಲಿಂದ ಬರಬೇಕು? ಹೊಂಟಾಗ ರಾಯವ್ವ ಹೊಸ್ತಿಲದಾಗ ನಿಂತಳು. ಅಂವ ಓಣಿ ದಾಟೂತನಕ ನೋಡಿದಳು.

ಮುಂಜಾನಿಂದಲೇ ಮಳಿ. ಅಭಿಜಿತ ಭಾಳ ಛಲೋ ಮನಶ್ಯಾ, ಸುಳ್ಳ್ಯಾಕ ಹೇಳಬೇಕು. ತನ್ನ ಡಬ್ಬಿ ಬಿಚ್ಚಿ ಚಪಾತಿ ಕೊಟ್ಟ. ಹಿಮಾಚಲದಾಗ ಮಂಜಿನಂಥ ನೀರಾಗ ನಿಂತು ಟ್ರೌಟ್ ಅನ್ನೂ ಮೀನ ಹಿಡದದ್ದು ಹೇಳಿದ. "ಭಾಳ ಹುಷಾರ ಮೀನ ಅದು ದಾದಾ, ನಮ್ಮ ನೆರಳ ಬಿದ್ರೂ ಓಡತೈತಿ" ಅಂದ ಮರಾಠ್ಯಾಗ. ದಾದಾಸಾಬ ಹೂಂ ಅಂದ. ಒಂದು ತಾಸಿನೊಳಗ ಅಭಿಜಿತ ಎರಡು ಕಟ್ಲಾ ಮೀನ ಹಿಡದ. ದಾದಾಸಾಬನ ಗಾಳಕ್ಕ ಏನೂ ಬೀಳಲಿಲ್ಲ, ಅವನ ಲಕ್ಷ್ಯ ಎಲ್ಲಾ ಕಿವಿಯೊಳಗ.

ಆಮ್ಯಾಲ ಅಭಿಜಿತ ಎದ್ದು ತಿರುವಿನ ಕಡೆ ಹೊಂಟ.

"ಆಕಡೆ ಬ್ಯಾಡ್ರಿ ಸಾಹೇಬ್ರ. ದಂಡಿ ಗಟ್ಟಿ ಇಲ್ಲ."

"ದೊಡ್ಡ ಮೀನ ಅಲ್ಲೇ ಇರ್ತಾವ ದಾದಾ" ಅಂತ ನಕ್ಕೋತ ಹೋಗೇಬಿಟ್ಟ.

ಮಳಿ ಬಿರುಸಾತು. ನೀರಿನ ಮ್ಯಾಲ ನೀರು ಬೀಳೂ ಸಪ್ಪಳ ಬಿಟ್ರ ಬ್ಯಾರೆ ಏನೂ ಇಲ್ಲ. ಅಷ್ಟರಾಗ ಬಂತು.

"ದಾದಾ!"

ಅದೇ ಮಳಿ, ಅದೇ ತಿರುವು, ಅದೇ ಕೂಗು. ದಾದಾಸಾಬ ಕೈಯಾನ ಗಾಳ ಬಿಟ್ಟ. ಎದ್ದ. ಕಾಲು ತಾವೇ ನಿಂತುಬಿಟ್ಟವು, ಎರಡನೇದಕ್ಕ ಕಾಯಾಕ. ಎರಡನೇದು ಬರಲಿಲ್ಲ. ಇದು ಹೊಳಿ, ಹೊಳಿನೇ, ಓ ಅಂದ್ಯೋ ಸತ್ತಿ ಅಂತ ಜೀವ ಒದರಾಕ ಹತ್ತಿತು. ಸಾಯತೀನಿ ತಗೋ ಅತ್ಲಾಗ, ಎಷ್ಟಂತ ಕಾಯಲಿ ಅನ್ನಿಸಿತು ಅವನಿಗೆ.

"ಓ! ಬಂದ್ನೋ ತಮ್ಮಾ, ಬಂದೆ!" ಅಂತ ಕಿರಚಿ, ಬೀಳಕೋತ ಏಳಕೋತ ಓಡಿದ.

ಅಭಿಜಿತ ಸೊಂಟದಮಟ ರಾಡ್ಯಾಗ ಹುಗದು, ಒಂದು ಬೇರು ಹಿಡಕೊಂಡು ಜೋತು ಬಿದ್ದಿದ್ದ. ಕಾಲ ಕೆಳಗ ಹೊಳಿ ಮಣ್ಣು ಕೊರಕೋತ ಹೊಂಟಿತ್ತು. ದಾದಾಸಾಬ ಬೋರಲ ಮಲಗಿ, ಎರಡೂ ಬಗಲಿಗೆ ಕೈ ಹಾಕಿ ಜಗ್ಗಿ ಮ್ಯಾಲ ತಗದ. ಪುಣ್ಯಾ, ಜೀವ ಉಳೀತು.

ಉಸುರು ತಿರುಗಿದ ಮ್ಯಾಲ ಅಭಿಜಿತ ಅಳೂ ನಗೂ ಕೂಡೇ ಅಂದ: "ಏನು ದಾದಾ, ಕಿವಿ ಮಂದ ಏನು ನಿಮಗ? ಮೂರು ಸಲ ಒದರಿದೆನಲ್ಲಾ!"

"ಎಷ್ಟು?"

"ಮೂರು ಸಲ. ಗಂಟಲ ಹರಕೊಂಡು."

ದಾದಾಸಾಬ ಅವನ ಮಾರಿ ನೋಡಿಕೋತ ನಿಂತ. ಆಮ್ಯಾಲ ಅವನನ್ನ ಗಟ್ಟಿ ನೆಲದ ಮ್ಯಾಲ ನಿಂದ್ರಿಸಿ, "ಇಲ್ಲಿಂದ ಮತ್ತ ಮೂರು ಸಲ ಕರೀರಿ ಸಾಹೇಬ್ರ, ಕೈ ಮುಗೀತೀನಿ" ಅಂದ. ಅಭಿಜಿತ ಗಾಬರ್ಯಾದ, ಆದ್ರೂ ಹೂಂ ಅಂದ. ದಾದಾಸಾಬ ಹಿಂದ ಹೋಗಿ ತನ್ನ ಜಾಗಾದಾಗ ನಿಂತ. ಮಳಿ ಸಪ್ಪಳ ಕೇಳಿತು. ಒಂದು "ದಾದಾ" ಕೇಳಿತು. ಮತ್ತ ಮಳಿ, ಬರೇ ಮಳಿ. ಕಾದ, ಕಾದ. ಕಡೀಕ ಅಭಿಜಿತನೇ ನಡಕೋತ ಬಂದು, "ಮೂರೂ ಸಲ ಕರದೆ, ಸಾಕೇನು?" ಅಂದ.

ದಾದಾಸಾಬ ರಾಡ್ಯಾಗೇ ಕುಸದು ಕುಂತು, ಸಣ್ಣ ಕೂಸಿನಂಗ ಅತ್ತ. ತಮ್ಮ ಕರದಿದ್ದ. ಮತ್ತ ಮತ್ತ ಕರದಿದ್ದ, ಆ ಕೂಗನ್ನ ಮಳಿ ನುಂಗಿತ್ತು. ಅಣ್ಣ ಅಲ್ಲೇ ಕಾಯಕೋತ ನಿಂತಿದ್ದ. ಪುಣೆದಾಂವ ಇವ ಅಂಜ್ಯಾನ ಅಂತ ತಿಳದು ಬೆನ್ನ ಸವರಿದ.

ಮನೀಗೆ ಬಂದಾಗ ರಾಯವ್ವ ಒಲಿ ಮುಂದ ಕುಂತಿದ್ದಳು. ತೊಯ್ದು ತೊಪ್ಪಡಿ ಆದ ಮಗನ ಕಣ್ಣು ನೋಡಿದ್ದೇ ತಡ, ಅವಳಿಗೆ ತಿಳೀತು.

"ಕರೀತೇನು?"

"ಕರೀತವ್ವಾ."

"ಎಷ್ಟು ಸಲ?"

ದಾದಾಸಾಬ ಒಲಿಯಾಗಿನ ಬೆಂಕಿ ನೋಡಿದ. ಅವ್ವ ಆವತ್ತಿನಂಗೇ ಅವನ ರಟ್ಟಿ ಹಿಡಿದಳು.

"ಒಮ್ಮೆ ಅಷ್ಟೇ. ನಾ ಓ ಅನಲಿಲ್ಲ."

ರಾಯವ್ವ ಸಮಾಧಾನದ ಉಸುರು ಬಿಟ್ಟು, ಸೆರಗಿಲೆ ಅವನ ತಲಿ ಒರಸಿದಳು.

"ಶ್ಯಾಣ್ಯಾ ನನ್ನ ಮಗಾ. ನಮ್ಮ ಜ್ಯೋತ್ಯಾ ಆಗಿದ್ರ ಮತ್ತೊಮ್ಮೆ ಕರೀತಿರಲಿಲ್ಲೇನು?"

"ಕರೀತಿದ್ದವ್ವಾ" ಅಂದ ದಾದಾಸಾಬ.