ಬಿಲ್ಲಾ ಅತ್ತೆಯ ಗಾಳಿಮನೆ

“ಅಮ್ಮಾ, ಬಿಲ್ಲಾ ಅಜ್ಜಿ ಯಾಕೆ ಮಾಂಸಾನೆಲ್ಲ ಸಮುದ್ರಕ್ಕೆ ಹಾಕ್ತಿದಾಳೆ?”

ಬೆಳಿಗ್ಗೆ ಕಿಟಕಿಯ ಅಂಚಿಗೆ ಗಲ್ಲ ಊರಿ ನಿಂತಿದ್ದ ರನ್ವಾ ಕೇಳಿದಳು. ಒಲೆಯ ಮೇಲಿದ್ದ ಗಂಜಿ ಇಳಿಸಿ ನಾನೂ ಹೋಗಿ ನೋಡಿದೆ. ದೋಣಿ ಇಳಿಸುವ ಕಲ್ಲುಜಾರಿನ ತುದಿಯಲ್ಲಿ ಬಿಲ್ಲಾ ಅತ್ತೆ ನಿಂತಿದ್ದರು, ಪಕ್ಕದಲ್ಲಿ ಕೈಗಾಡಿ. ಕುರಿಯ ಒಂದೊಂದೇ ತೊಡೆ, ಒಂದೊಂದೇ ಪಕ್ಕೆ ಎತ್ತಿ, ಬಾಗಿ, ನೀರಿಗೆ ಇಳಿಸುತ್ತಿದ್ದರು. ಎಸೆಯುತ್ತಿರಲಿಲ್ಲ. ಎಳೆಮಗುವನ್ನು ಸ್ನಾನದ ತೊಟ್ಟಿಗೆ ಇಳಿಸುವ ಹಾಗೆ ಇಳಿಸುತ್ತಿದ್ದರು. ಸುತ್ತ ಕಡಲಹಕ್ಕಿಗಳ ಗಲಾಟೆ.

“ಕೆಟ್ಟೋಗಿತ್ತು ಪುಟ್ಟಿ.”

“ಅಜ್ಜಿ ಕೆಡಿಸಿದ್ಲಾ?”

“ಇಲ್ಲ, ಹವೆ ಕೆಡಿಸ್ತು.”

ಮಗಳಿಗೆ ಅಷ್ಟು ಸಾಕಾಯಿತು, ಗಂಜಿಗೆ ಸಕ್ಕರೆ ಸಾಲದು ಎಂದು ರಗಳೆ ಶುರು ಮಾಡಿದಳು. ನನಗೆ ಸಾಕಾಗಲಿಲ್ಲ. ಅದಕ್ಕೇ ಇಷ್ಟು ಬರೆದಿಡುತ್ತಿದ್ದೇನೆ.

ಬಿಲ್ಲಾ ಅತ್ತೆ ನನಗೆ ಸ್ವಂತ ಅತ್ತೆಯಲ್ಲ, ಮೇಲಿನ ಮನೆಯವರು. ಬಡಗಣ ಕಡಲಿನ ನಮ್ಮ ಫ್ಯಾರೋ ದ್ವೀಪಗಳಲ್ಲಿ ತೆಂಕಣ ತುದಿಯದರಿಂದ ನಮ್ಮೂರಿನ ಮೀನು ಕಾರ್ಖಾನೆಗೆ ಕೆಲಸಕ್ಕೆ ಬಂದ ಹುಡುಗಿ, ಇಲ್ಲಿಯ ಮಿಚ್ಚಲ್‌ನನ್ನು ಕಟ್ಟಿಕೊಂಡು ಇಲ್ಲೇ ಉಳಿದರು. ಮಾತಿನ ಧಾಟಿ ಮಾತ್ರ ಇವತ್ತಿಗೂ ಆ ಕಡೆಯದೇ. ತಣ್ಣೀರಿನಲ್ಲಿ ಮೀನು ಸೀಳಿ ಸೀಳಿ ಬೆರಳಿನ ಗೆಣ್ಣುಗಳು ಊದಿವೆ. ಆ ಬೆರಳಲ್ಲೇ ಕೇರಿಯ ಮಕ್ಕಳಿಗೆಲ್ಲ ಉಣ್ಣೆಯ ಅಂಗಿ ಹೆಣೆದಿದ್ದಾರೆ. ಅವರಿಗೆ ಮಕ್ಕಳಾಗಲಿಲ್ಲ. “ಆಗಿದ್ರೆ ಬರೀ ಎರಡು ಮೂರು ಅಂಗಿ ಹೆಣೀತಿದ್ದೆ. ಈಗ ನೋಡು, ಊರೆಲ್ಲ ನನ್ನ ಕೈಲೇ ಬೆಚ್ಚಗಿದೆ” ಎಂದು ತಾವೇ ನಗುತ್ತಾರೆ.

ಗಂಡ ಹೆಂಡಿರದು ಒಂದೇ ಜಗಳ, ಮದುವೆಯಾದಾಗಿನಿಂದ. ನಮ್ಮಲ್ಲಿ ಪ್ರತಿ ಮನೆಗೂ ಒಂದು ಗಾಳಿಮನೆ ಉಂಟಲ್ಲ, ಸಂದು ಬಿಟ್ಟು ಹಲಗೆ ಹೊಡೆದದ್ದು. ಚಳಿಗಾಲಕ್ಕೆ ಮುಂಚೆ ಬೆಟ್ಟದಿಂದ ಕುರಿ ಇಳಿಸಿ, ಕಡಿದು, ಮಾಂಸವನ್ನು ಅದರೊಳಗೆ ತೂಗುಹಾಕಿದರೆ ಉಪ್ಪಿಲ್ಲ, ಹೊಗೆಯಿಲ್ಲ, ಗಾಳಿಯೊಂದೇ ಅದನ್ನು ಹುಳಿಸಿ ಹದಕ್ಕೆ ತರುತ್ತದೆ. ಒಂದೊಂದು ಗಾಳಿಮನೆಯ ರುಚಿ ಒಂದೊಂದು. ಕಣ್ಣು ಕಟ್ಟಿ ಬಾಯಿಗಿಟ್ಟರೂ ಇದು ಇಂಥವರ ಮನೆಯದು ಎನ್ನುವವರು ಇದ್ದಾರೆ. ತಮ್ಮ ತವರಿನ ಗಾಳಿಮನೆಯ ಮಾಂಸವೇ ಮೇಲು ಎಂದು ಅತ್ತೆಯ ವಾದ. “ಹೌದ್ಹೌದು, ಅದಕ್ಕೇ ಪ್ರತಿ ಕ್ರಿಸ್ಮಸ್ಸಿಗೂ ಎರಡನೇ ಸಲ ತಟ್ಟೆ ಚಾಚ್ತೀಯ” ಎಂದು ಮಿಚ್ಚಲ್ ಮಾವ.

ಹದ ನೋಡುವುದು ಮಾವನ ಕೆಲಸ. ನೈರುತ್ಯದಿಂದ ಬಿರುಗಾಳಿ ಎದ್ದು ಕಡಲ ಉಪ್ಪುಹನಿ ರಾಚಿದರೆ ಆ ಮಗ್ಗುಲಿಗೆ ಹಳೆಯ ಹಾಯಿಬಟ್ಟೆ ಕಟ್ಟುತ್ತಿದ್ದರು. ಗಾಳಿ ಇಳಿದ ಕೂಡಲೇ ಬಿಚ್ಚುತ್ತಿದ್ದರು, ಇಲ್ಲದಿದ್ದರೆ ಮಾಂಸ ಬೆವರುತ್ತದೆ. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಅತ್ತೆ ಹಗ್ಗ ಹಿಡಿದು ನಿಲ್ಲುತ್ತಿದ್ದರು, ಅಷ್ಟೆ.

ಮಾವನ ನೆನಪು ಸವೆಯತೊಡಗಿ ವರ್ಷಗಳಾದವು. ಹೋದ ಚಳಿಗಾಲ ಮೊಣಕಾಲುದ್ದ ಹಿಮದಲ್ಲಿ ಬರಿಗಾಲಲ್ಲಿ ಕುರಿ ಹುಡುಕಲು ಹೊರಟರು. ಆಮೇಲೆ ಅವರನ್ನು ಸುರಂಗದಾಚೆಯ ವೃದ್ಧರ ಮನೆಗೆ ಸೇರಿಸಬೇಕಾಯಿತು. ಅತ್ತೆ ದಿನ ಬಿಟ್ಟು ದಿನ ಬಸ್ಸು ಹತ್ತಿ ಹೋಗುತ್ತಾರೆ. ಕೆಲವು ದಿನ ಅವರನ್ನು ಕಂಡು ಮಾವ, “ಯಾರ ಮನೆಯವಳಮ್ಮ ನೀನು? ತೆಂಕಣದವಳ ಹಾಗೆ ಮಾತಾಡ್ತೀಯ” ಎನ್ನುತ್ತಾರಂತೆ.

ಈ ಸಲ ಮಾಂಸ ತೂಗುಹಾಕುವುದೇ ಬೇಡ ಎಂದಿದ್ದೆ. ನಮ್ಮದರಲ್ಲೇ ಪಾಲು ಕೊಡುತ್ತೇನೆ ಎಂದೆ.

“ನಿಮ್ಮ ಮನೇದು ಅವನ ಬಾಯಿಗೆ ನಿಮ್ಮ ಮನೇದೇ” ಎಂದರು. “ನನ್ನ ಮುಖ ಮರೀಬಹುದು. ಕ್ರಿಸ್ಮಸ್ ದಿನ ನಮ್ಮ ಗಾಳಿಮನೆ ತುಂಡು ನಾಲಿಗೆ ಮೇಲಿಟ್ರೆ ಯಾವ ಮನೇಲಿದ್ದೆ, ಯಾರ ಜೊತೆ ಇದ್ದೆ ಅಂತ ಒಂದು ಗಳಿಗೆಯಾದ್ರೂ ನೆನಪಾಗಲ್ವಾ?”

ನಾನೇ ಹೋಗಿ ಮಾಂಸ ಎತ್ತಿಕೊಟ್ಟೆ.

ನವೆಂಬರ್ ಶುರುವಿನಲ್ಲಿ ನೈರುತ್ಯದ ಬಿರುಗಾಳಿ ಬಂತು. ಅತ್ತೆಗೆ ಗಾಬರಿ. ವೃದ್ಧರ ಮನೆಗೆ ಫೋನ್ ಮಾಡಿ, ದಾದಿಗೆ ಹೇಳಿ, ಗಂಡನ ಕಿವಿಗೆ ಫೋನ್ ಹಿಡಿಸಿದರು. ಮಾತು ಮುಗಿದದ್ದೇ ತಡ ಎದ್ದುಬಿದ್ದು ನಮ್ಮ ಅಡುಗೆಮನೆಗೆ ಬಂದರು. ತಲೆಯ ಮೇಲಿನ ಶಾಲಿನಿಂದ ನೀರು ಸೋರುತ್ತಿತ್ತು, ಮುಖ ಮಾತ್ರ ದೀಪ ಹಚ್ಚಿಟ್ಟ ಹಾಗಿತ್ತು.

“ಟೂರಿ, ಅವನು ಹೇಳ್ದ ಕಣೇ! ಗಾಳಿ ಯಾವ ಕಡೆಯಿಂದ ಅಂತ ಕೇಳ್ದ. ನೈರುತ್ಯ ಅಂದೆ. ‘ಹಾಯಿಬಟ್ಟೆ ಕಟ್ಟು ಬಿಲ್ಲಾ, ನಾನು ಹೇಳೋ ತನಕ ಬಿಚ್ಚಬೇಡ’ ಅಂದ. ಬಿಲ್ಲಾ ಅಂದ, ಕೇಳ್ತಾ? ಹೆಸರು ಹಿಡಿದು ಕರೆದ!”

ಇಬ್ಬರೂ ಸೇರಿ ಕಟ್ಟಿದೆವು. ಗಂಟು ಬಿಗಿಯುವಾಗ ಅತ್ತೆ ಏನೋ ಹಾಡು ಗುನುಗುತ್ತಿದ್ದರು.

ಎರಡು ದಿನಕ್ಕೆ ಬಿರುಗಾಳಿ ಇಳಿಯಿತು. ಆದರೆ ಚಳಿ ಬರಲಿಲ್ಲ. ಬೆಚ್ಚನೆಯ ಮಂಜು ಕಡಲಿಂದ ತೆವಳಿ ಬಂದು ಊರಿನ ಮೇಲೆ ಕೂತುಬಿಟ್ಟಿತು. ಜಿನುಗು ಮಳೆ, ಗಾಳಿಯ ಸುಳಿವೇ ಇಲ್ಲ. ಒಗೆದ ಬಟ್ಟೆ ಮುಗ್ಗಲು ಹಿಡಿಯಿತು, ಸತ್ತಿರಬೇಕಾದ ನೊಣಗಳು ಎದ್ದು ಓಡಾಡಿದವು. ಊರಿನವರೆಲ್ಲ ತಮ್ಮ ತಮ್ಮ ಗಾಳಿಮನೆಯ ಮರೆ ತೆಗೆದು, ಬಾಗಿಲು ತೆರೆದಿಟ್ಟು, ಚಳಿಗಾಳಿ ಬರಲೆಂದು ಬಡಗಣ ಆಕಾಶ ನೋಡುತ್ತಾ ಕೂತರು. ಅತ್ತೆಯ ಹಾಯಿಬಟ್ಟೆ ಮಾತ್ರ ಕಟ್ಟಿದ ಹಾಗೇ ಇತ್ತು.

ಪಕ್ಕದ ಸೋರಿನ್ ಬೇಲಿಯಾಚೆಯಿಂದ ಕೂಗಿದ: “ಏನು ಬಿಲ್ಲಾ, ಕುರಿಗಳಿಗೆ ಮದುವೆಯಾ? ಪರದೆ ಎಳೆದು ಮಲಗ್ಸಿದೀಯ!”

“ನಿನ್ನ ಮದುವೇಲೂ ಪರದೆ ಎಳೆದಿದ್ರೆ ನಿನ್ನ ಮುಖ ಕಾಣ್ದೆ ನಿನ್ನ ಹೆಂಡ್ತಿ ಅಳದೇನೇ ಒಪ್ಕೋತಿದ್ಲು. ಹೋಗು, ಹೋಗು.”

ಸೋರಿನ್ ನಕ್ಕು, ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ನೀನಾದ್ರೂ ಹೇಳು, ಹೆಣ್ಣೇ. ವಾಸನೆ ತಿರುಗ್ತಿದೆ” ಎಂದ.

ಹೇಳಿದೆ. “ಅತ್ತೆ, ಬಿಚ್ಚೋಣ. ಅವರು ಹೇಳಿದ್ದು ಬಿರುಗಾಳಿಗೆ.”

“ಗೊತ್ತು.”

“ಮತ್ತೆ?”

“ಹೇಳೋ ತನಕ ಬಿಚ್ಚಬೇಡ ಅಂದಿದಾನೆ. ಹೇಳ್ಲಿ. ಇವತ್ತು ಮತ್ತೆ ಫೋನ್ ಮಾಡ್ತೀನಿ.”

ದಿನಾ ಮಾಡಿದರು. ಗಾಳಿ ಇಳಿದಿದೆ ಮಿಚ್ಚಲ್, ಮಂಜು ಕವಿದಿದೆ ಮಿಚ್ಚಲ್, ಬಿಚ್ಚಲಾ? ಮಾವ ಒಂದು ದಿನ ಸತ್ತುಹೋದ ಟಗರಿನ ಕಥೆ ಹೇಳಿದರು. ಒಂದು ದಿನ ಮಾತೇ ಆಡಲಿಲ್ಲ. ಮತ್ತೊಂದು ದಿನ, “ತಪ್ಪು ನಂಬರಮ್ಮ” ಎಂದು ಫೋನನ್ನು ದಾದಿಯ ಕೈಗೆ ಕೊಟ್ಟರು.

ಅತ್ತೆಗೆ ಮೂಗಿರಲಿಲ್ಲವೇ? ಇತ್ತು. ಹಗ್ಗ ಬಿಚ್ಚುವುದು ಅವರಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ತಾವಾಗಿ ಬಿಚ್ಚಿದರೆ, ಇನ್ನು ಮೇಲೆ ಹೇಳಲು ಅವನಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅದನ್ನು ಬಲ್ಲ ನಾನು ಇನ್ನೊಮ್ಮೆ ಒತ್ತಾಯಿಸಲಿಲ್ಲ.

ನಿನ್ನೆ ಮಧ್ಯಾಹ್ನ ಹವೆ ತಿರುಗಿತು. ರನ್ವಾಳನ್ನು ಶಾಲೆಯಿಂದ ಕರೆತರುತ್ತಿದ್ದೆ. ಕಡಲಿನ ಮೇಲೆ ಪಡುವಲಲ್ಲಿ ಮಸಿಯ ಗೆರೆ ಎಳೆದ ಹಾಗೆ ಮೋಡ. ನೈರುತ್ಯದ ಗಾಳಿ ಕೊನೆಯ ಸಲ ಎದ್ದು ಬೆಚ್ಚಗೆ ಉಸಿರು ಬಿಟ್ಟಿತು. ಆಮೇಲೆ ಮಳೆ, ಹನಿಯಲ್ಲ, ಅಡ್ಡಡ್ಡ ನೀರು. ಅಂಗಡಿಯ ಮಾಡಿನಡಿ ನಿಂತೆವು. ನೋಡುತ್ತಿದ್ದಂತೆ ಗಾಳಿ ತಟ್ಟನೆ ನಿಂತು, ಇನ್ನೊಂದು ಬಾಗಿಲಿನಿಂದ ನುಗ್ಗಿದ ಹಾಗೆ ವಾಯವ್ಯದಿಂದ ಬಂತು. ಮಂಜು ಕಿತ್ತುಹೋಯಿತು. ಎದುರಿನ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿತು, ನೆತ್ತಿಯಲ್ಲಿ ಆಗಲೇ ಬಿಳಿ. ಆಲಿಕಲ್ಲು ಬಿತ್ತು. ರನ್ವಾ ಬಾಯಿ ತೆರೆದು ಹಿಡಿದಳು. “ಬಂತಪ್ಪಾ ಚಳಿ, ಬದುಕಿದ್ವಿ!” ಎಂದು ಅಂಗಡಿಯಾಕೆ ಒಳಗಿಂದ ಕೂಗಿದಳು. ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು.

ನಾವು ಮನೆ ಸೇರುವಾಗ ಬಿಲ್ಲಾ ಅತ್ತೆ ತಮ್ಮ ಗಾಳಿಮನೆಯ ಮುಂದೆ ನಿಂತಿದ್ದರು. ಹಾಯಿಬಟ್ಟೆ ಕಾಲಡಿ ಬಿದ್ದಿತ್ತು. ಗಾಳಿ ಕಿತ್ತದ್ದಲ್ಲ, ಅತ್ತೆಯೇ ಗಂಟು ಬಿಚ್ಚಿದ್ದರು.

“ಮೂಸಿ ನೋಡು” ಎಂದರು. “ನಿಜ ಹೇಳು.”

ಒಳಗೆ ಹೋದೆ. ಹುಳಿತ ಮಾಂಸದ ವಾಸನೆ ನಮಗೆ ಹೊಸದಲ್ಲ, ಹುಟ್ಟಿದಾಗಿನಿಂದ ತಿಂದದ್ದು. ಇದು ಅದಲ್ಲ. ಮೂಳೆಯ ಹತ್ತಿರ ಬೆರಳಿಟ್ಟೆ, ಲೋಳೆ ಅಂಟಿತು. ಒಂದು ತೊಡೆಯಾದರೂ ಉಳಿದಿರಲಿ ಎಂದು ಎಲ್ಲವನ್ನೂ ಮುಟ್ಟಿ ನೋಡಿದೆ.

“ಹೋಗಿದೆ ಅತ್ತೆ. ಎಲ್ಲಾನೂ.”

“ಹೂಂ” ಎಂದರು.

ಇವತ್ತು ಕೈಗಾಡಿ ತೊಳೆದು, ಬಟ್ಟೆ ಬದಲಿಸಿ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟೆ. ಹಿತ್ತಲ ರೂಬಾರ್ಬ್ ದಂಟಿನ ಜಾಮ್ ಹಚ್ಚಿದ ರೊಟ್ಟಿಯನ್ನು ರನ್ವಾಳ ಬಾಯಿಗಿಟ್ಟರು. ಮಗು ಆಟಕ್ಕೆ ಹೋದ ಮೇಲೆ ಊದಿದ ಬೆರಳುಗಳಿಂದ ನನ್ನ ಮುಂಗೈ ಹಿಡಿದರು.

“ಭಾನುವಾರ ಅವನ ಹತ್ರ ನನ್ನ ಜೊತೆ ಬರ್ತೀಯಾ, ಮಗಳೇ? ಮಾಂಸ ಹೋಗಿದ್ದು, ಅವನು ಹೇಳೋ ಮೊದಲೇ ನಾನು ಬಿಚ್ಚಿದ್ದು, ಎರಡರ ಸುದ್ದೀನೂ ಎತ್ತಬೇಡ. ನಾನು ಒಳಗೆ ಬರಲ್ಲ, ನನ್ನ ದನಿ ನಡುಗುತ್ತೆ, ಅವನಿಗೆ ಗೊತ್ತಾಗುತ್ತೆ. ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ನೀನು ಅವನ ಪಕ್ಕದಲ್ಲಿ ಕೂತು, ಗಾಳಿ ವಾಯವ್ಯಕ್ಕೆ ತಿರುಗಿದೆ ಮಿಚ್ಚಲ್ ಮಾವ, ಬಿಲ್ಲಾ ಕೇಳ್ತಿದಾಳೆ, ಬಿಚ್ಚಬಹುದಾ ಅಂತ ಕೇಳು. ಒಂದೇ ಸಲಕ್ಕೆ ಬಿಟ್ಟುಬಿಡಬೇಡ. ಅವನು ‘ಬಿಚ್ಚು’ ಅನ್ನೋ ತನಕ ಕೇಳು.”