ಬೆರಳು ಹಿಡಿಸಿದ ನರ್ಸಮ್ಮ

ಜವನಗೊಂಡನಹಳ್ಳಿಯ ಹೊಲದ ಮನೆಯಲ್ಲಿ ಕಟ್ಟುಹಾವು ಕಚ್ಚಿ ನಾನು ಚಿತ್ರದುರ್ಗದ ಆಸ್ಪತ್ರೆ ಸೇರಿದಾಗ ರೆಪ್ಪೆ ಎತ್ತಲೂ ಆಗುತ್ತಿರಲಿಲ್ಲ. ಉಸಿರನ್ನೂ ಯಂತ್ರವೇ ಆಡಿಸುತ್ತಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಹಾಗಾಗಿ ಆ ನರ್ಸಮ್ಮನನ್ನು ನಾನು ಮೊದಲು ಅರಿತದ್ದು ದನಿಯಿಂದ. "ಈಗ ಎಡಕ್ಕೆ ಹೊರಳಿಸ್ತೀನಿ ಅಣ್ಣ" ಎಂದು ಹೇಳಿಯೇ ಮುಟ್ಟುತ್ತಿದ್ದರು.

ನನ್ನ ಹೆಂಡತಿ ಅತ್ತಾಗಲೆಲ್ಲ, "ಅಳಬ್ಯಾಡ್ರಿ ಅಕ್ಕ, ಅವರಿಗೆ ಎಲ್ಲಾ ಕೇಳಿಸ್ತೈತೆ. ಕೈ ಎತ್ತು ಅಂತ ನರ ಹೇಳ್ತಾನೇ ಐತೆ; ವಿಷ ಅಡ್ಡ ನಿಂತು ಆ ಮಾತು ಸ್ನಾಯುಗೆ ಮುಟ್ತಿಲ್ಲ, ಅಷ್ಟೇ" ಎನ್ನುತ್ತಿದ್ದರು.

ದಿನವೂ ಬೆಳಿಗ್ಗೆ ನನ್ನ ಅಂಗೈಯಲ್ಲಿ ಎರಡು ಬೆರಳಿಟ್ಟು "ಒತ್ರಿ" ಎನ್ನುವರು. ನಾನು ಮನಸ್ಸಿನಲ್ಲೇ ಒತ್ತುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಅವರ ಬೆರಳು ನನ್ನ ಮುಷ್ಟಿಗೆ ಸಿಕ್ಕಿತು.

"ಅಕ್ಕಾ, ಓಡಿ ಬರ್ರಿ! ನಿಮ್ಮ ಯಜಮಾನ್ರು ನನ್ನ ಕೈ ಬಿಡ್ತಾನೇ ಇಲ್ಲ!" ಎಂದು ನಗುತ್ತಾ ಕೂಗಿದರು.

ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ.